ಕಾಲಿನ ರಿಂಗ್ ತೆಗೆದರು, ಎಲ್ಲರಿಗೂ ಥ್ಯಾಂಕ್ಸ್

ಮೊನ್ನೆ ಮಂಗಳೂರಿನ ಆಸ್ಪತ್ರೆಯಲ್ಲಿ ನನ್ನ ಎಡಗಾಲಿನ ಮೂಳೆಗೆ ಹಾಕಿದ್ದ ಲೋಹದ ರಿಂಗ್ ತೆಗೆದರು. ಮೂಳೆ ಕೂಡಿದೆ, ಎರಡೂ ಕಾಲು ಸಮ ಉದ್ದಕ್ಕೆ ಬಂದಿವೆ. ಫೋನ್ ಮಾಡಿದವರಿಗೆಲ್ಲ ಒಬ್ಬೊಬ್ಬರಿಗೇ ಹೇಳಿ ಮುಗಿಯುವುದಿಲ್ಲ ಮಾರಾಯ್ರೆ, ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ.

ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದ ಕಥೆ ನಿಮಗೆಲ್ಲ ಗೊತ್ತು, ಮತ್ತೆ ಬೇಡ. ಹಾಳಾದ ಮೂಳೆ ತೆಗೆದ ಮೇಲೆ ಕಾಲು ಗಿಡ್ಡವಾಯಿತು. ಆಗ ಡಾಕ್ಟರು ಇಲಿಜರೋವ್ ರಿಂಗ್ ಹಾಕೋಣ ಎಂದರು. ಕಾಲಿನ ಸುತ್ತ ಲೋಹದ ಬಳೆಗಳು, ಮೂಳೆಯೊಳಗಿಂದ ಆಚೆ ಈಚೆ ತೂರಿದ 2 ಮಿ.ಮೀ.ಗಿಂತ ಸಪೂರದ ತಂತಿಗಳು, ಬಳೆಗಳನ್ನು ಹಿಡಿದಿಡುವ ರಾಡು, ನಟ್ಟು. ಮೂಳೆಯನ್ನು ಒಂದು ಕಡೆ ಕೊಯ್ದು, ಕೆಲವು ದಿನ ಬಿಟ್ಟು, ಮೆಲ್ಲ ಎಳೆಯಲು ಶುರು ಮಾಡುತ್ತಾರೆ. ಎಳೆದ ಸಂದಿನಲ್ಲಿ ಹೊಸ ಮೂಳೆ ಹುಟ್ಟುತ್ತದೆ. ನಾನು ಗ್ಯಾರೇಜಿನವನು, ನೋಡಿದ ಕೂಡಲೇ ಗೊತ್ತಾಯಿತು: ಹತ್ತರ ಸ್ಪ್ಯಾನರಿನ ನಟ್ಟು. ಪೂರ್ತಿ ಒಂದು ಸುತ್ತಿಗೆ 1 ಮಿ.ಮೀ. ಸರಿಯುತ್ತದೆ. ದಿನದ ಲೆಕ್ಕವೂ ಅಷ್ಟೇ, ಆದರೆ ಒಮ್ಮೆಲೇ ಅಲ್ಲ, 0.25 ಮಿ.ಮೀ.ನಂತೆ ನಾಲ್ಕು ಸಲ.

ಆ ನಾಲ್ಕೂ ಸಲ ತಿರುಗಿಸಿದ್ದು ನನ್ನ ಅಕ್ಕ. ಸ್ಪ್ಯಾನರ್ ನನ್ನ ಕೈಗೆ ಕೊಡಲೇ ಇಲ್ಲ. "ಅರ್ಜೆಂಟಿನವ ನೀನು, ಒಂದು ಸುತ್ತು ಜಾಸ್ತಿ ಹಾಕಿಬಿಡ್ತೀಯ" ಎಂದಳು. ಪ್ರತಿ ನಟ್ಟಿನ ಒಂದು ಮುಖಕ್ಕೆ ಕೆಂಪು ನೇಲ್ ಪಾಲಿಶ್ ಬೊಟ್ಟು ಇಟ್ಟಳು, ಎಷ್ಟು ತಿರುಗಿತು ಎಂದು ಕಾಣಲಿ ಅಂತ. ತಿರುಗಿಸಿದ ಮೇಲೆ ಕ್ಯಾಲೆಂಡರಿನಲ್ಲಿ ಗೀಟು. ನನ್ನ ಗ್ಯಾರೇಜಿನ ಹುಡುಗರಿಗೂ ಇಷ್ಟು ಶಿಸ್ತಿಲ್ಲ.

ವಾರ್ಡಿನ ಸಿಸ್ಟರ್‌ಗಳಿಗೆ ದೊಡ್ಡ ನಮಸ್ಕಾರ. ತಂತಿ ಚರ್ಮದೊಳಗೆ ಹೋಗುವ ಜಾಗ ಒಂದೊಂದನ್ನೂ ಕ್ಲೀನ್ ಮಾಡುವುದನ್ನು ಅಕ್ಕನಿಗೆ ಕಲಿಸಿದ್ದು ಅವರೇ. ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಗಾಯ! ಒಂದು ಕಡೆ ಕೀವು ಕಂಡಾಗ ಫೋಟೋ ನೋಡಿಯೇ "ಇವತ್ತೇ ಬನ್ನಿ" ಎಂದರು.

ಎಳೆಯುವುದು ಬೇಗ ಮುಗಿಯುತ್ತದೆ, ಗಟ್ಟಿಯಾಗಲು ಕಾಯುವುದೇ ಜಾಸ್ತಿ. ಆ ಬೋರಿನ ದಿನಗಳಲ್ಲಿ ಫಿಸಿಯೋದವರು ಬ್ರೂಮೆಲ್ ಕಥೆ ಹೇಳುತ್ತಿದ್ದರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಹೈಜಂಪ್ ಚಿನ್ನ ಗೆದ್ದವರು, ಮರುವರ್ಷ ಅವರದ್ದೂ ಬೈಕ್ ಅಪಘಾತ. ಎಷ್ಟೋ ಆಪರೇಷನ್ ಆದರೂ ಕಾಲು ಸರಿಯಾಗದೆ, ಕೊನೆಗೆ ಸೈಬೀರಿಯದ ಕುರ್ಗಾನ್‌ನಲ್ಲಿದ್ದ, ಈ ರಿಂಗ್ ಕಂಡುಹಿಡಿದ ಡಾಕ್ಟರ್ ಇಲಿಜರೋವ್ ಹತ್ತಿರವೇ ಹೋದರಂತೆ. ಆಮೇಲೆ ಮತ್ತೆ ಹಾರಿದರು. ನನಗೆ ಹಾರುವುದು ಬೇಡ, ಕಿಕ್ ಹೊಡೆದರೆ ಸಾಕು.

ರಿಂಗ್ ಹಿಡಿಸುವ ಹಾಗೆ ಪ್ಯಾಂಟಿನ ಬದಿ ಬಿಚ್ಚಿ ವೆಲ್ಕ್ರೋ ಹೊಲಿದುಕೊಟ್ಟ ಕಟಪಾಡಿಯ ಟೈಲರಣ್ಣ ದುಡ್ಡೇ ತೆಗೆದುಕೊಳ್ಳಲಿಲ್ಲ. ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಮುಂದಿನ ಸೀಟು ಖಾಲಿ ಮಾಡಿಸಿ, ನಾನು ಕೂತ ಮೇಲೆಯೇ "ರೈಟ್" ಹೇಳುತ್ತಿದ್ದರು. ಪಕ್ಕದ ಮನೆ ಬಾಯಮ್ಮನ ಬಂಗುಡೆ ಸಾರಿಗೆ ಲೆಕ್ಕವಿಲ್ಲ. ಆಪರೇಷನ್ ದಿನ ರಕ್ತ ಕೊಟ್ಟ ಹುಡುಗರ ಹೆಸರು ಕೂಡ ನನಗೆ ಗೊತ್ತಿಲ್ಲ. ಇದನ್ನು ಓದಿದರೆ ಒಂದು ಸಲ ಗ್ಯಾರೇಜಿಗೆ ಬನ್ನಿ, ನಿಮ್ಮ ಬೈಕಿನ ಸರ್ವಿಸ್ ನನ್ನ ಲೆಕ್ಕದಲ್ಲಿ.

ಸೋಮವಾರದಿಂದ ಗ್ಯಾರೇಜ್ ತೆರೆಯುತ್ತೇನೆ. ಊರುಗೋಲು ಇನ್ನೂ ಇದೆ, ಹಾಗಾಗಿ ಸದ್ಯಕ್ಕೆ ಸ್ಟೂಲಿನಲ್ಲಿ ಕೂತು ಮಾಡುವ ಕೆಲಸ ಮಾತ್ರ ತನ್ನಿ.