ಸೇತುವೆಯ ಆ ಕಡೆಯವರು

ಪ್ರೀತಿಯ ದಫೇದಾರರಿಗೆ,

ಫೋನ್ ಮಾಡಿದರೆ ಎತ್ತುವುದಿಲ್ಲ. ಆದ್ದರಿಂದ ನಾಲ್ಕು ಜನರ ಮುಂದೆಯೇ ಬರೆಯುತ್ತಿದ್ದೇನೆ, ಈಗ ತಪ್ಪಿಸಿಕೊ ನೋಡೋಣ. ಹೆದರಬೇಡ, ಮೂರನೆಯ ಕೋಳಿಯ ವಿಷಯ ಎತ್ತುವುದಿಲ್ಲ.

ಕುಶಾಲನಗರದಲ್ಲಿ ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ನನಗೆ ಕೊಟ್ಟ ವಿಷಯ ‘ಗಡಿ ಊರಿನ ಕಳ್ಳತನಗಳು’. ಈ ವಿಷಯಕ್ಕೆ ನನ್ನನ್ನೇ ಯಾಕೆ ಆರಿಸಿದರೋ! ಒಪ್ಪಿಕೊಂಡೆ. ಹಳಬರನ್ನು ಮಾತನಾಡಿಸುತ್ತಾ ಹೋದೆ. ತೆಂಗಿನಕಾಯಿ ಹೋಗಲಿ, ಹಸು ಹೋಗಲಿ, ಎಲ್ಲರ ಕತೆಯಲ್ಲೂ ಕಳ್ಳನ ವಿಳಾಸ ಒಂದೇ: ಕಾವೇರಿ ಸೇತುವೆಯ ಆಚೆ. ಸೇತುವೆಯಾಚೆಯ ಕೊಪ್ಪದವರನ್ನು ಕೇಳಿದೆ. ಅವರ ಕತೆಗಳಲ್ಲಿ ಕಳ್ಳರು ಬರುವುದು ನಮ್ಮ ಕಡೆಯಿಂದ!

ಆಮೇಲೆ ಹಳೆಯ ಚರಿತ್ರೆ ಓದಲು ಕೂತೆ. 1834ರಲ್ಲಿ ಇಂಗ್ಲಿಷರು ಚಿಕವೀರ ರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡಾಗ ಪುತ್ತೂರು, ಅಮರ ಸುಳ್ಯದ ಸೀಮೆಗಳನ್ನು ಕೊಡಗಿನಿಂದ ಕತ್ತರಿಸಿ ಕೆನರಾ ಜಿಲ್ಲೆಗೆ ಹೊಲಿದರು. ಭತ್ತ ಅಳೆದು ಕಂದಾಯ ಕಟ್ಟುತ್ತಿದ್ದ ರೈತ, ಮನೆ ಬಿಟ್ಟು ಕದಲದೆಯೇ ಬೇರೆ ಜಿಲ್ಲೆಯವನಾಗಿ, ನಗದು ಎಣಿಸಬೇಕಾಯಿತು. 1837ರಲ್ಲಿ ಜನ ದಂಗೆ ಎದ್ದು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನವರೆಗೆ ಹೋದರು. ಅದೇ ವರ್ಷ ಅಕ್ಟೋಬರ್ 31ರಂದು ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದರು. ಅಂದಿನ ಸರ್ಕಾರಿ ಕಾಗದದಲ್ಲಿ ಅಪರಾಧಿಯಾಗಿದ್ದವರ ಪ್ರತಿಮೆಗೆ ಇಂದು ಅದೇ ಮಡಿಕೇರಿಯಲ್ಲಿ ಮಾಲೆ ಬೀಳುತ್ತದೆ.

ಅಷ್ಟು ದೂರ ಯಾಕೆ? ನಮ್ಮ ಅಪ್ಪಂದಿರ ಕಾಫಿಯನ್ನೇ ನೋಡು. 1942ರ ಕಾಫಿ ಕಾಯ್ದೆಯ ಕಾಲದಲ್ಲಿ, ಮನೆ ಖರ್ಚಿಗೆ ಮತ್ತು ಬಿತ್ತನೆಗೆ ಇಟ್ಟುಕೊಂಡದ್ದು ಬಿಟ್ಟು ಉಳಿದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುವ ರಾಶಿಗೆ, ಒಪ್ಪಿಸಬೇಕಿತ್ತು. ತಾನೇ ಬೆಳೆದ ಕಾಫಿಯನ್ನು ಹೊರಗೆ ಮಾರಿದವನು ಕಾನೂನಿನ ಕಣ್ಣಿಗೆ ಕಳ್ಳ. ತೊಂಬತ್ತರ ದಶಕದಲ್ಲಿ ಈ ಕಟ್ಟು ಒಂದೊಂದೇ ಸಡಿಲವಾಗಿ, 1996ರ ಹೊತ್ತಿಗೆ ಪೂರ್ತಿ ಬಿಚ್ಚಿತು. ನಿನ್ನೆಯ ಕಳ್ಳಸಾಗಣೆ ಮರುದಿನ ವ್ಯಾಪಾರ.

ಇಷ್ಟನ್ನು ಬರೆದು ಮುಗಿಸಿ, ಬಲು ಚೆನ್ನಾಗಿದೆ ಎಂದು ನನಗೆ ನಾನೇ ತಲೆದೂಗುತ್ತಿದ್ದಾಗ 1995ರ ರೋಬಸ್ಟಾ ಕೊಯ್ಲು ನೆನಪಾಗಿ ಪೆನ್ನು ನಿಂತಿತು.

ಹಿಂದಿನ ವರ್ಷ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿತ್ತಲ್ಲ, ಅಪ್ಪ ರಾತ್ರಿ ಟಾರ್ಚ್ ಹಿಡಿದು ಕಣ ಕಾಯುತ್ತಿದ್ದರು. ಆದರೂ ಒಂದು ಗೋಣಿ ಚೆರಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು, ಕಾಣೆಯಾಯಿತು. ಪಿರಿಯಾಪಟ್ಟಣದ ಕಡೆಯಿಂದ ಹೆಂಡತಿಯೊಂದಿಗೆ ಕೊಯ್ಲಿಗೆ ಬಂದಿದ್ದ ಒಬ್ಬನ ಮೇಲೆ ಗುಮಾನಿ ಹೋಯಿತು. ತೋಟದ ಕೂಲಿಯವರ ಲೈನ್ ಮನೆ ಖಾಲಿ ಮಾಡಿಸಿದರು. ಎರಡು ವಾರದ ಕೂಲಿಯನ್ನೂ ಹಿಡಿದುಕೊಂಡರು.

ಆ ಗೋಣಿ ಹೊತ್ತು ಸೇತುವೆ ದಾಟಿದ್ದು ನಾನು. ಮೈಸೂರಿನಲ್ಲಿ ನಿನಗೆ ಎರಡು ದಿನ ಬಿರಿಯಾನಿ ತಿನ್ನಿಸಿದ್ದು ಅದೇ ದುಡ್ಡಿನಲ್ಲಿ. ಚಿಕ್ಕಪ್ಪ ಕೊಟ್ಟದ್ದು ಎಂದಿದ್ದೆ, ನೀನೂ ನಂಬಿದೆ. ನಮ್ಮ ಚಿಕ್ಕಪ್ಪ ಯಾರಿಗಾದರೂ ಕಾಸು ಬಿಚ್ಚಿದ್ದನ್ನು ಎಂದಾದರೂ ಕಂಡಿದ್ದೆಯಾ?

ಅವನನ್ನು ಕಳಿಸುವಾಗ ನಾನು ಸುಮ್ಮನೆ ನಿಂತಿದ್ದೆ ಎಂದು ಬರೆದು ಮುಂದೆ ಹೋಗಬೇಕೆಂದಿದ್ದೆ. ಸುಮ್ಮನೆ ನಿಂತಿರಲಿಲ್ಲ. ಅಪ್ಪ ಕೇಳಿದಾಗ, ‘ನಸುಕಿನಲ್ಲಿ ಅವನು ಕಣದ ಹತ್ತಿರ ಓಡಾಡುತ್ತಿದ್ದ’ ಎಂದಿದ್ದೆ. ಅದು ಸುಳ್ಳೂ ಅಲ್ಲ. ನಲ್ಲಿ ಇದ್ದದ್ದೇ ಕಣದ ಪಕ್ಕದಲ್ಲಿ, ಕೊಡ ಹಿಡಿದು ನೀರಿಗೆ ಬಂದಿದ್ದ. ಕೊಡದ ವಿಷಯವನ್ನು ಮಾತ್ರ ನಾನು ಹೇಳಲಿಲ್ಲ. ಹೋಗುವಾಗ ಅವನ ಹೆಂಡತಿ ಅಮ್ಮನ ಹತ್ತಿರ ಬಂದು, ಕೊಯ್ಲಿನ ಚೀಲ ಮಡಿಚಿ ಕೊಟ್ಟಳು. ಅದು ತೋಟದ್ದಲ್ಲವೇ, ಲೆಕ್ಕಕ್ಕೆ ಬರಬೇಕಿತ್ತು.

ಅವನ ಹೆಸರು ನೆನಪಿಗೆ ಬರುತ್ತಿಲ್ಲ. ಆ ಹೋಟೆಲಿನ ಬಿರಿಯಾನಿಯ ರುಚಿ ನೆನಪಿದೆ.

ಹೋದ ವಾರ ಬೆಳೆಗಾರರ ಒಂದು ಕೂಟದಲ್ಲಿ ಯಾರೋ, ‘ಅಸ್ಸಾಂನವರು ಬಂದ ಮೇಲೆಯೇ ಕಳ್ಳತನ ಹೆಚ್ಚಿದ್ದು’ ಎಂದರು. ಎಲ್ಲರೂ ಹೌದೆಂದರು. ನನ್ನ ತಲೆಯೂ ಆಡಿತು, ಹಳೆಯ ಅಭ್ಯಾಸ.

ಇರಲಿ ಬಿಡು. ಪತ್ರ ತೀರಾ ಒದ್ದೆಯಾಯಿತು, ಇಲ್ಲಿಯ ಮಳೆಯ ಹಾಗೆ. ಕದ್ದ ಮಾಲು ತಿಂದದ್ದಕ್ಕೆ ನಿನ್ನ ಮೇಲೂ ಒಂದು ಸೆಕ್ಷನ್ ಬೀಳುತ್ತದೆ, ವಕೀಲರನ್ನು ನೋಡಿಕೊ. ಸಂಚಿಕೆಯವರು ಲೇಖನದ ಜೊತೆಗೆ ನನ್ನ ಭಾವಚಿತ್ರವನ್ನೂ ಕೇಳಿದ್ದಾರೆ. ಎದುರಿನಿಂದ ತೆಗೆದದ್ದು ಒಂದೇ ಸಾಕೋ, ಪಕ್ಕದಿಂದ ತೆಗೆದದ್ದೂ ಬೇಕೋ, ನೀನೇ ಹೇಳು.

ನಿನ್ನ
ಡಬಲ್ ಬೆಲ್