ಲೈಸೋಸೋಮ್‌ಗೆ ಅಂಟಿದ ಅಡ್ಡಹೆಸರು

ಮಾನ್ಯ ಸಂಪಾದಕರೇ,

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಜೀವಕೋಶದ ಚಿತ್ರ ಬಂದಿತ್ತು. ಚಿತ್ರ ಚೆನ್ನಾಗಿದೆ. ಮೈಟೋಕಾಂಡ್ರಿಯಕ್ಕೆ ‘ಶಕ್ತಿ ಕೇಂದ್ರ’, ಕೋಶಕೇಂದ್ರಕ್ಕೆ ‘ಯಜಮಾನ’ ಅಂತ ಬರೆದಿದ್ದೀರಿ, ಇರಲಿ. ಕೋಶದೊಳಗಿನ ಪುಟ್ಟ ಚೀಲ ಲೈಸೋಸೋಮ್‌ಗೆ ಮಾತ್ರ ‘ಆತ್ಮಹತ್ಯೆಯ ಚೀಲ’ ಅಂದಿದ್ದೀರಿ, ಒಡೆದರೆ ಕೋಶವನ್ನೇ ಅರಗಿಸಿಬಿಡುತ್ತದೆ ಅನ್ನುವ ಅರ್ಥದಲ್ಲಿ. ಅದನ್ನು ನೋಡಿ ಮನಸ್ಸಿಗೆ ಚುರುಕ್ ಅಂತು. ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ ಬಿಡಿ. 30 ವರ್ಷ 9ನೇ ತರಗತಿಗೆ ನಾನೂ ಅದನ್ನೇ ಹೇಳಿಕೊಟ್ಟವಳು. ಒಂದು ಅಂಕದ ಪ್ರಶ್ನೆಗೆ ಹೇಳಿ ಮಾಡಿಸಿದ ಉತ್ತರ ಅದು.

ಒಮ್ಮೆ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, ‘ಮಿಸ್, ಅಷ್ಟು ಅಪಾಯದ್ದಾದರೆ ಕೋಶ ಅದನ್ನು ಯಾಕೆ ಒಳಗೆ ಇಟ್ಟುಕೊಂಡಿದೆ?’ ಎಂದು ಕೇಳಿದಳು. ‘ಅದು ಸಿಲಬಸ್‌ನಲ್ಲಿ ಇಲ್ಲ, ಕೂತ್ಕೋ’ ಅಂದೆ. ನಿಜ ಹೇಳಬೇಕೆಂದರೆ ಉತ್ತರ ನನಗೇ ಗೊತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಕೂತು ಓದಿದೆ.

ಈ ಚೀಲ ಸಿಕ್ಕ ಕತೆಯೇ ಸೊಗಸಾಗಿದೆ. ಬೆಲ್ಜಿಯಂನ ಕ್ರಿಸ್ಟಿಯಾನ್ ದ ದೂವ್ ಇಲಿಯ ಯಕೃತ್ತನ್ನು ಅರೆದು ಒಂದು ಕಿಣ್ವವನ್ನು ಅಳೆಯುತ್ತಿದ್ದರು. ಇರಬೇಕಾದ್ದರಲ್ಲಿ ಹತ್ತನೇ ಒಂದು ಪಾಲು ಮಾತ್ರ ಸಿಕ್ಕಿತು. ಅದನ್ನೇ 5 ದಿನ ಫ್ರಿಜ್‌ನಲ್ಲಿಟ್ಟು ಮತ್ತೆ ಅಳೆದರೆ ಲೆಕ್ಕ ಸರಿಹೋಯಿತು! ಕಿಣ್ವ ಯಾವುದೋ ಪೊರೆಯೊಳಗೆ ಅಡಗಿ ಕೂತಿತ್ತು. ಪೊರೆ ಹಾಳಾದ ಮೇಲೆ ಹೊರಗೆ ಬಂತು. ಆ ಪೊರೆಯ ಚೀಲಕ್ಕೆ 1955ರಲ್ಲಿ ಲೈಸೋಸೋಮ್ ಎಂದು ಹೆಸರಿಟ್ಟರು. 1974ರಲ್ಲಿ ಅವರಿಗೆ ನೊಬೆಲ್ ಬಂತು.

ಅದರೊಳಗೆ 50ಕ್ಕೂ ಜಾಸ್ತಿ ಬಗೆಯ ಕಿಣ್ವಗಳಿವೆ. ಪ್ರೋಟೀನು, ಕೊಬ್ಬು, ಕೊನೆಗೆ ಡಿಎನ್‌ಎಯನ್ನೂ ತುಂಡು ಮಾಡುತ್ತವೆ. ಆದರೆ ಅವಕ್ಕೆ ಹುಳಿ ಇದ್ದರೇ ಕೆಲಸ. ಚೀಲದೊಳಗೆ ಪಿಎಚ್ 5ರ ಆಸುಪಾಸು, ಹೊರಗೆ ಸುಮಾರು 7.2 (ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ). ಒಂದೆರಡು ಚೀಲ ಒಡೆದರೂ ಹೊರಬಂದ ಕಿಣ್ವಗಳು ಮಂಕಾಗುತ್ತವೆ. ತುಂಬಾ ಚೀಲಗಳು ಒಟ್ಟಿಗೆ ಒಡೆದರೆ ಕೋಶ ಸಾಯಬಹುದು, ಅದು ನಿಜ. ಆದರೆ ಕೋಶ ತಾನಾಗಿ ಸಾಯಲು ಹೊರಟಾಗ ಸಾಮಾನ್ಯವಾಗಿ ಕತ್ತರಿ ಹಿಡಿಯುವವು ಕ್ಯಾಸ್ಪೇಸ್ ಎಂಬ ಬೇರೆ ಕಿಣ್ವಗಳು. ಎಷ್ಟೋ ಸಲ ಅವಕ್ಕೆ ಸನ್ನೆ ಕೊಡುವುದು ಯಾರು ಗೊತ್ತಾ? ನಾವು ಬಾಯ್ತುಂಬಾ ಹೊಗಳುವ ಮೈಟೋಕಾಂಡ್ರಿಯ. ಸೈಟೋಕ್ರೋಮ್ ಸಿ ಎಂಬ ಪ್ರೋಟೀನನ್ನು ಹೊರಗೆ ಬಿಟ್ಟು! ಬೈಗುಳ ಮಾತ್ರ ಲೈಸೋಸೋಮ್‌ಗೆ.

ಪಾಪ, ಅದರ ದಿನದ ಕೆಲಸ ಗುಜರಿಯವನದು. ಹಳೆಯದನ್ನು ಬಿಚ್ಚಿ, ಬಳಕೆಗೆ ಬರುವುದನ್ನು ವಾಪಸ್ ಕೊಡುವುದು. ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಆಮೇಲೆ ಗುಲ್ಮ (ಸ್ಪ್ಲೀನ್), ಯಕೃತ್ತುಗಳಲ್ಲಿರುವ ಭಕ್ಷಕ ಕೋಶಗಳು ಅದನ್ನು ನುಂಗುತ್ತವೆ. ಬಿಚ್ಚುವ ಕೆಲಸ ಅವುಗಳ ಲೈಸೋಸೋಮ್‌ನದು. ಸಿಕ್ಕ ಕಬ್ಬಿಣ ಮತ್ತೆ ಹೊಸ ರಕ್ತಕಣಕ್ಕೆ ಹೋಗುತ್ತದೆ. ಸವೆದ ಮೈಟೋಕಾಂಡ್ರಿಯವೂ ಕೊನೆಗೆ ಬರುವುದು ಇಲ್ಲಿಗೇ. ಕೋಶ ತನ್ನದೇ ಹಳೆಯ ಭಾಗಗಳನ್ನು ಹೀಗೆ ಅರಗಿಸಿಕೊಳ್ಳುವ ಬಗೆಯನ್ನು ಯೀಸ್ಟ್‌ನಲ್ಲಿ ಬಿಡಿಸಿ ತೋರಿಸಿದ್ದಕ್ಕೇ ಜಪಾನಿನ ಯೊಶಿನೊರಿ ಒಸುಮಿಗೆ 2016ರ ನೊಬೆಲ್ ಸಿಕ್ಕಿದ್ದು.

ಇನ್ನು ಟೇ-ಸ್ಯಾಕ್ಸ್ ಕಾಯಿಲೆ. ಹುಟ್ಟಿನಿಂದಲೇ ಲೈಸೋಸೋಮ್‌ನ ಒಂದೇ ಒಂದು ಕಿಣ್ವ ಕೆಲಸ ಮಾಡುವುದಿಲ್ಲ. ಒಂದು ಬಗೆಯ ಕೊಬ್ಬು ಕರಗದೆ ಮಗುವಿನ ನರಕೋಶಗಳಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿ ಚೀಲ ಒಡೆದದ್ದಲ್ಲ ತೊಂದರೆ, ಕೆಲಸ ನಿಂತದ್ದು. ಅದೇ ಅಲ್ವಾ ಆ ಹುಡುಗಿಗೆ ನಾನು ಹೇಳಬೇಕಿದ್ದ ಉತ್ತರ?

ಮುಂದಿನ ಸಲ ಚಿತ್ರ ಹಾಕುವಾಗ ಆ ಅಡ್ಡಹೆಸರನ್ನು ದಯವಿಟ್ಟು ತೆಗೆಯಿರಿ. ಬೇರೆ ಹೆಸರಿಗೆ ಜಾಗ ಸಾಲದಿದ್ದರೆ ಸುಮ್ನೆ ‘ಲೈಸೋಸೋಮ್’ ಅಂತಷ್ಟೇ ಬರೆದರೂ ಆದೀತು.

ಇಂತಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ