ಹಂಚಿನಜ್ಜನ ನೆನಪಿಗೆ ಶಾಲೆಗೊಂದು ಮಾಡು

ಆತ್ಮೀಯರೇ,

ಹೊಸನಗರ ತಾಲ್ಲೂಕಿನ ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಓದಿದವರಿಗೆಲ್ಲ ಹಂಚಿನಜ್ಜ ಗೊತ್ತು. ಪ್ರತಿ ವರ್ಷ ಮೃಗಶಿರ ಮಳೆ ಹಿಡಿಯುವ ಮೊದಲು ಶಾಲೆಯ ಮಾಡು (ಛಾವಣಿ) ಹತ್ತಿ ಹಂಚು ಕೈಯಾಡಿಸಿ ಸರಿಮಾಡುತ್ತಿದ್ದವರು ಅವರೇ. ಯಾರೂ ಕರೆಯಬೇಕಿರಲಿಲ್ಲ. ಕೂಲಿ ಕೊಡಲು ಹೋದರೆ ಮುಟ್ಟುತ್ತಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಹಾಸಿಗೆ ಹಿಡಿದರು. ದೀಪಾವಳಿ ಕಳೆದ ಮೇಲೆ ತೀರಿಕೊಂಡರು. ತೊಂಬತ್ತು ದಾಟಿತ್ತು ಅಂತ ಮನೆಯವರ ಅಂದಾಜು. ಹುಟ್ಟಿದ ದಿನ ಬರೆದಿಟ್ಟವರಿಲ್ಲ.

ಅವರ ನೆನಪಿಗೆ ಶಾಲೆಯ ಮಾಡನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಬೇಕು ಅಂತ ಊರವರು ಕೂತು ಮಾತಾಡಿದ್ದೇವೆ. ಅದಕ್ಕೇ ಈ ಮನವಿ.

ಅಜ್ಜ ಮೂಲದಲ್ಲಿ ನಮ್ಮೂರವರಲ್ಲ. ಸಾಗರ ತಾಲ್ಲೂಕಿನ ಕರೂರು ಸೀಮೆಯವರು. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಮುಗಿದು ಶರಾವತಿ ನೀರು ನಿಂತಾಗ ಅವರ ಮನೆ, ಗದ್ದೆ, ಬಾವಿ ಎಲ್ಲ ಮುಳುಗಿತು. ಹೆಂಡತಿ, ಎರಡು ಕೂಸು, ಒಂದು ಬೀಸುಕಲ್ಲು, ಮನೆ ಬಿಚ್ಚಿ ತೆಗೆದ ಪಕಾಸು, ಅಂದರೆ ಮಾಡಿನ ಮರ. ಇಷ್ಟನ್ನು ಲಾರಿಗೆ ಹಾಕಿಕೊಂಡು ಇಲ್ಲಿನ ಕಾಡಿಗೆ ಬಂದಿಳಿದರು. ಮೊದಲ ಮಳೆಗಾಲ ಸೋಗೆ ಗುಡಿಸಲಲ್ಲೇ ಕಳೆದರು. ಕೆಲವು ವರ್ಷ ಬಿಟ್ಟು ನಮ್ಮೂರಲ್ಲಿ ಶಾಲೆ ಎದ್ದಾಗ ಮಾಡಿಗೆ ಮರ ಸಾಲಲಿಲ್ಲ. ಅಜ್ಜ ತಮ್ಮ ಮುಳುಗಿದ ಮನೆಯ ನಾಲ್ಕು ಹೆಬ್ಬಲಸಿನ ಪಕಾಸು ಹೊತ್ತು ತಂದು ಕೊಟ್ಟರು. ಅವು ಈಗಲೂ ಒಂದನೇ ತರಗತಿ ಕೋಣೆಯ ಮೇಲಿವೆ.

ಮಳೆಗಾಲದಲ್ಲಿ ಪೇಪರ್ ಓದುವ ಹುಡುಗರು ಸಿಕ್ಕರೆ ಅಜ್ಜ ತಪ್ಪದೆ ಕೇಳುತ್ತಿದ್ದರು, "ನೀರು 1819 ಮುಟ್ತಾ?" ಡ್ಯಾಮ್ ತುಂಬುವ ಮಟ್ಟ 1819 ಅಡಿ ಅಂತ ಅವರಿಗೆ ಬಾಯಿಪಾಠ. ಬರಗಾಲದ ವರ್ಷ ನೀರು ಇಳಿದು, ಅದರೊಳಗೆ ಮುಳುಗಿದ್ದ ಹಳೆಯ ಮಡೆನೂರು ಡ್ಯಾಮ್ ಕಾಣಿಸಿದರೆ ಬುತ್ತಿ ಕಟ್ಟಿಕೊಂಡು ಆ ಕಡೆ ಹೋಗಿ ಬರುತ್ತಿದ್ದರು. ಏನು ನೋಡಿದಿರಿ ಅಂದರೆ ಹೇಳುತ್ತಿರಲಿಲ್ಲ.

ಅವರ ಕಸುಬು ಕೊನೆಗಾರಿಕೆ, ಮರ ಹತ್ತಿ ಅಡಿಕೆ ಗೊನೆ ಇಳಿಸುವುದು. ಅಡಿಕೆ ತೋಟ ಇರುವವರಿಗೆ ಗೊತ್ತು, ಒಳ್ಳೆ ಕೊನೆಗಾರ ಸಿಗದಿದ್ದರೆ ಬೆಳೆ ಮರದಲ್ಲೇ ಉಳಿಯುತ್ತದೆ. ಕಾಲಿಗೆ ತಳೆ (ಮರ ಹತ್ತುವ ಬಳೆ) ಹಾಕಿ ಮರ ಅಪ್ಪಿ ಹತ್ತಿದರೆ, ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಹಾಗೇ ದಾಟುತ್ತಿದ್ದರು. ತಳೆ ಉಜ್ಜಿ ಉಜ್ಜಿ ಪಾದದ ಮೇಲೆ ಚರ್ಮ ಚಪ್ಪಲಿ ಅಟ್ಟೆಯಷ್ಟು ದಪ್ಪಗಾಗಿತ್ತು. ಎದೆ ಮೇಲೂ ಮರದ ಗುರುತು. ಮಳೆ ಹೊಳವಾದ ಕೂಡಲೇ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಜಾರುವ ಮರ ಹತ್ತಬೇಕು. ಸಂಜೆ ಮನೆಗೆ ಬಂದರೆ ಅಂಗಿಯೆಲ್ಲ ನೀಲಿ.

ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಮೇಷ್ಟ್ರು ಅವರನ್ನು ಶಾಲೆಗೆ ಕರೆಸಿ ಬೋರ್ಡೋ ಮಾಡಿಸಿದ್ದರು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಿ, ಆಮೇಲೆ ಕೂಡಿಸಿದರು. ಕೊನೆಗೆ ಸೊಂಟದ ಕತ್ತಿ ತೆಗೆದು, ಉಜ್ಜಿ ಹೊಳಪು ಮಾಡಿ, ಅದ್ದಿ ಹಿಡಿದರು. ಅಲಗಿನ ಮೇಲೆ ಕೆಂಪು ಕೂತಿತು. "ತುತ್ತ ಜಾಸ್ತಿ ಆಯ್ತು, ಸಿಂಗಾರ (ಅಡಿಕೆ ಹೂ) ಸುಡ್ತದೆ" ಅಂದು ಇನ್ನಷ್ಟು ಸುಣ್ಣ ಹಾಕಿದರು. ಮತ್ತೆ ಅದ್ದಿದಾಗ ಕತ್ತಿ ಬೆಳ್ಳಗೇ ಇತ್ತು. ಅಕ್ಷರ ಬಾರದ ಅಜ್ಜ ಅವತ್ತು ಕಲಿಸಿದ ರಸಾಯನ ಪಾಠ ನಾನು ಇವತ್ತಿಗೂ ಮರೆತಿಲ್ಲ.

ನಾಲ್ಕು ಹೆಣ್ಣು, ಎರಡು ಗಂಡು ಮಕ್ಕಳು. ಅಜ್ಜಿ ರಾತ್ರಿಯೆಲ್ಲ ಮೆಟ್ಟುಗತ್ತಿ ಮುಂದೆ ಕೂತು ಊರ ಅಡಿಕೆ ಸುಲಿಯುತ್ತಿದ್ದರು. ಹಿರಿಮಗಳು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅದೊಂದು ಅಜ್ಜನಿಗೆ ಕೊನೆತನಕ ಕೊರಗಿತ್ತು. ಉಳಿದ ಐವರೂ ನಮ್ಮ ಶಾಲೆಯಲ್ಲೇ ಓದಿದರು. ಮೊಮ್ಮಕ್ಕಳೂ ಅಷ್ಟೇ. ಎಂಬತ್ತೈದರ ಮೇಲೆ ಮಕ್ಕಳು ಏಣಿ ಹತ್ತಲು ಬಿಡಲಿಲ್ಲ. ಆಗ ಅಂಗಳದಲ್ಲಿ ನಿಂತು, ಯಾವ ಹಂಚು ಒಡೆದಿದೆ ಅಂತ ಕೋಲು ತೋರಿಸಿ ಮೊಮ್ಮಗನಿಂದ ಮಾಡಿಸುತ್ತಿದ್ದರು. ಆ ಮೊಮ್ಮಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ.

ಹಾಗಾಗಿ ಹೋದ ಮಳೆಗಾಲ ಯಾರೂ ಮಾಡು ಹತ್ತಲಿಲ್ಲ. ನಾವೆಲ್ಲ ಇದ್ದೂ ಹತ್ತಲಿಲ್ಲ, ಅದು ನಮ್ಮದೇ ತಪ್ಪು. ಮಂಗಗಳು ಹಂಚು ಒಡೆದಿದ್ದವು. ರೀಪುಗಳಿಗೆ ಗೆದ್ದಲು ಹಿಡಿದಿತ್ತು. ಪುನರ್ವಸು ಮಳೆಯಲ್ಲಿ ಚಿಕ್ಕ ಮಕ್ಕಳ ನಲಿಕಲಿ ಕೋಣೆಯಲ್ಲಿ ಬಕೆಟ್ ಇಟ್ಟು ಪಾಠ ನಡೆಯಿತು. ಮಕ್ಕಳ ಪುಸ್ತಕ ಒದ್ದೆಯಾಗಿ ಹಾಳೆ ಅಂಟಿಕೊಂಡವು.

ತಗಡಿನ ಶೀಟ್ ಹಾಕಿದರೆ ಖರ್ಚು ಕಡಿಮೆ, ಬೇಗ ಮುಗಿಯುತ್ತದೆ ಅಂತ ಕೆಲವರು ಹೇಳಿದರು. ಆದರೆ ಮಲೆನಾಡಿನ ಮಳೆಗೆ ಶೀಟಿನ ಕೆಳಗೆ ಕೂತವರಿಗೆ ಗೊತ್ತು, ಟೀಚರ್ ಹೇಳಿದ್ದು ಎರಡನೇ ಸಾಲಿಗೂ ಕೇಳುವುದಿಲ್ಲ. ಬೇಸಿಗೆಯಲ್ಲಿ ಒಲೆ ಮುಂದೆ ಕೂತ ಹಾಗೆ. ನಮಗೆ ಹಂಚೇ ಬೇಕು.

ಬಡಗಿ ಕೊಟ್ಟ ಲೆಕ್ಕ ಮರ, ಮಜೂರಿ ಸೇರಿ ಎರಡು ಲಕ್ಷದ ಹತ್ತಿರ. ಊರಲ್ಲಿ ಅರ್ಧ ಆಗಬಹುದು. ಉಳಿದದ್ದಕ್ಕೆ ನಿಮ್ಮನ್ನು ಕೇಳುತ್ತಿದ್ದೇವೆ. ಐವತ್ತು ರೂಪಾಯಿಯಾದರೂ ಸರಿ, ಸಂಕೋಚ ಬೇಡ. ಹಳೆ ಮನೆ ಕೆಡವಿ ಟೆರೇಸ್ ಮಾಡಿದವರ ಹಿತ್ತಲಲ್ಲಿ ಮಂಗಳೂರು ಹಂಚು ಪೇರಿಸಿಟ್ಟಿರುತ್ತದೆ, ಅಲ್ವಾ? ಪಾಚಿ ಹಿಡಿದಿದ್ದರೂ ಪರವಾಗಿಲ್ಲ, ಒಡೆಯದಿದ್ದರೆ ಸಾಕು. ಹೇಳಿ ಕಳಿಸಿ, ನಾವೇ ಪಿಕಪ್ ತಂದು ಒಯ್ಯುತ್ತೇವೆ. ತೋಟದಲ್ಲಿ ಬಿದ್ದ ಹಲಸಿನ ಮರ ಇದ್ದರೆ ಅದೂ ಆಗುತ್ತದೆ. ಒಂದು ದಿನದ ಆಳು ಕೊಟ್ಟರೂ ದೇಣಿಗೆಯೇ.

ಹಣ ಕೊಡುವವರು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರ ಜಂಟಿ ಖಾತೆಗೆ ಹಾಕಿ. ನಂಬರ್ ಶಾಲೆಯಲ್ಲಿ ಸಿಗುತ್ತದೆ. ಕೈಯಲ್ಲಿ ಕೊಟ್ಟರೂ ರಸೀದಿ ತಪ್ಪದೆ ಪಡೆಯಿರಿ. ಬಂದದ್ದು, ಖರ್ಚಾದದ್ದು ಶಾಲೆಯ ಬೋರ್ಡಿನಲ್ಲಿ ಬರೆದು ಹಾಕುತ್ತೇವೆ.

ಬಡಗಿ ಮಾಡು ಹತ್ತಿ ಪೂರ್ತಿ ನೋಡಿದ್ದಾರೆ. ಬೇರೆ ಮರಗಳಲ್ಲಿ ಹೆಚ್ಚಿನವು ಹಾಳಾಗಿವೆ. ಅಜ್ಜ ತಂದ ನಾಲ್ಕು ಹೆಬ್ಬಲಸು ಮಾತ್ರ ಗಟ್ಟಿ ಇವೆ. ಅವನ್ನು ಅದೇ ಜಾಗಕ್ಕೆ ಮತ್ತೆ ಕೂರಿಸುತ್ತೇವೆ. ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜೆ ಸಿಕ್ಕ ಮೊದಲ ಭಾನುವಾರ ಮಾಡು ಬಿಚ್ಚುವುದು. ಅವತ್ತು ಬಂದವರಿಗೆಲ್ಲ ಶಾಲೆಯಲ್ಲೇ ಊಟ. ಅಡುಗೆಗೆ ತಾನೇ ನಿಲ್ಲುತ್ತೇನೆ ಅಂತ ಅಜ್ಜನ ಹಿರಿಮಗಳು ಹೇಳಿ ಕಳಿಸಿದ್ದಾರೆ.

ಇಂತಿ,
ಶಾಲಾಭಿವೃದ್ಧಿ ಸಮಿತಿ ಮತ್ತು ಹಳೆ ವಿದ್ಯಾರ್ಥಿಗಳು